ಕೊಪ್ಪಳ–ಗಂಗಾವತಿ ಸೀಮೆಯಲ್ಲಿ ಮೌಂಟನ್ ಬೈಕಿಗೆ ಹದವಾದ ದಾರಿಗಳಿವೆಯೇ, ಇಲ್ಲ ಕರಾವಳಿಗೇ ಹೋಗಬೇಕೇ?

ಎಡದಂಡೆ
ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಪ್ರೌಢಶಾಲಾ ಶಿಕ್ಷಕಿ, ವಯಸ್ಸು ನಲವತ್ತೆರಡು. ಕಳೆದ ದೀಪಾವಳಿಗೆ 27.5 ಇಂಚಿನ ಗಾಲಿಯ, ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಮೌಂಟನ್ ಬೈಕ್ ಒಂದನ್ನು ಕೊಂಡೆ. ಡಿಸೆಂಬರ್ ರಜೆಯಲ್ಲಿ ಕುಮಟಾದ ಬಂಧುಗಳ ಮನೆಗೆ ಹೋಗಿದ್ದಾಗ ಅವರ ಮಗನ ಸೈಕಲ್ಲಿನಲ್ಲಿ ಮೂರು ದಿನ ಸುತ್ತಾಡಿದೆ. ಗಜನಿ ಗದ್ದೆಗಳ (ಹೊಳೆಯಂಚಿನ ಉಪ್ಪುನೀರಿನ ಗದ್ದೆಗಳ) ನಡುವಿನ ಮಣ್ಣಿನ ದಾರಿ, ತೆಂಗಿನ ತೋಟಗಳ ಹಿಂದಿನ ಓಣಿ, ತದಡಿಯಲ್ಲಿ ಸೈಕಲ್ಲನ್ನೂ ದೋಣಿಗೇರಿಸಿಕೊಂಡು ಅಘನಾಶಿನಿ ದಾಟಿದ್ದು, ಇವೆಲ್ಲ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಏದುಸಿರು ಬಿಡುವಂಥ ಏರಿಲ್ಲ, ಎದೆ ನಡುಗಿಸುವ ಇಳಿಜಾರಿಲ್ಲ. ನನ್ನಂಥವರಿಗೆ ಹೇಳಿ ಮಾಡಿಸಿದ ದಾರಿಗಳವು.

ಊರಿಗೆ ಮರಳಿದ ಮೇಲೆ ಮೂರು ಭಾನುವಾರ ಹೊರಟೆ, ನಾಲ್ಕು ಸಲ ಪಂಕ್ಚರ್ ಆಯಿತು. ಡಾಂಬರು ರಸ್ತೆಗೆ ಇಳಿದರೆ ಭತ್ತದ ಲಾರಿಗಳ ಭಯ. ಬೆಟ್ಟದ ಮೇಲಿನ ಸಾಹಸ ನನಗೆ ಬೇಡ. ನಮ್ಮ ಭಾಗದಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ನಿಶ್ಚಿಂತೆಯಿಂದ ತುಳಿಯಬಹುದಾದ ದಾರಿಗಳಿದ್ದರೆ ದಯವಿಟ್ಟು ತಿಳಿಸಿ. ಈ ಮುಳ್ಳಿಗೆ ಪರಿಹಾರವಿದ್ದರೆ ಅದನ್ನೂ ಹೇಳಿ.

ಕಡಲ ಕಂಡವ
ಮೇಡಂ, ಪ್ರಾಮಾಣಿಕವಾಗಿ ಹೇಳುವುದಾದರೆ ಕರಾವಳಿಗೆ ಸಾಟಿಯಿಲ್ಲ. ನಾನು ಕೊಪ್ಪಳದವನೇ ಆದರೂ ಪ್ರತಿ ವರ್ಷ ಜನವರಿಯಲ್ಲಿ ಸೈಕಲ್ಲನ್ನು ಅಲ್ಲಿಗೆ ಒಯ್ಯುತ್ತೇನೆ. ಮಲ್ಪೆಯ ಪಡುಕೆರೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಕಿರಿದಾದ ದಾರಿ. ಕೋಡಿಬೆಂಗ್ರೆಯ ತುದಿಯವರೆಗೆ ಹೋದರೆ ಹೊಳೆ ಕಡಲನ್ನು ಸೇರುವುದನ್ನು ಸೈಕಲ್ ಮೇಲೆ ಕುಳಿತೇ ನೋಡಬಹುದು. ಇಲ್ಲಿ ಅಂಥ ನೆರಳೂ ಇಲ್ಲ, ನೀರೂ ಇಲ್ಲ.

ಮಸಾರಿ ನೆಲ
ನೀರಿಲ್ಲವೆಂಬ ಮಾತನ್ನು ಒಪ್ಪಲಾರೆ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯೊಂದೇ ಮುನಿರಾಬಾದಿನಿಂದ ರಾಯಚೂರು ಜಿಲ್ಲೆಯೊಳಕ್ಕೆ 220 ಕಿಲೋಮೀಟರಿಗೂ ಹೆಚ್ಚು ಉದ್ದ ಹರಿಯುತ್ತದೆ. ಅದರಿಂದ ಒಡೆದ ವಿತರಣಾ ಕಾಲುವೆಗಳ ದಂಡೆಯ ಮೇಲೆ ಮಣ್ಣಿನ ದಾರಿಗಳಿವೆ. ಕಾಲುವೆ ಎಂದರೆ ನೀರು ತಾನಾಗಿ ಹರಿಯುವಷ್ಟು ಇಳಿಜಾರು ಮಾತ್ರ ಇರುವ ಜಾಗ. ಆದ್ದರಿಂದ ದಂಡೆಯ ದಾರಿಯೂ ಸಹಜವಾಗಿಯೇ ಸಮತಟ್ಟು. ಎಡದಂಡೆ ಮೇಡಂ, ತಮ್ಮ ಹೆಸರಿನಲ್ಲೇ ಉತ್ತರವಿದೆ.

ಬ್ರಿಟನ್ನಿನಲ್ಲಿ ಮೌಂಟನ್ ಬೈಕ್ ಜಾಡುಗಳನ್ನು ಹಸಿರು, ನೀಲಿ, ಕೆಂಪು, ಕಪ್ಪು ಎಂದು ವಿಂಗಡಿಸುತ್ತಾರೆ. ಹಸಿರು ಎಂದರೆ ಅಗಲವಾದ, ತಡೆಗಳಿಲ್ಲದ ಸುಲಭದ ದಾರಿ. ಆ ಅಳತೆಯಿಂದ ನೋಡಿದರೆ ನಮ್ಮ ಕಾಲುವೆ ದಂಡೆಗಳೆಲ್ಲ ಹಸಿರೇ.

ಕಾರಟಗಿ ರೈತ
ಕಾಲುವೆ ದಂಡೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ನನ್ನ ಗದ್ದೆ ಅಲ್ಲಿಯೇ ಇದೆ.

ಮುಖ್ಯ ಕಾಲುವೆ ತುಂಬಿ ಹರಿಯುವಾಗ ನೀರಿನ ಮಗ್ಗುಲಿಗೆ ಸೈಕಲ್ ಹೊಡೆಯಬೇಡಿರಿ. ಕಾಂಕ್ರೀಟಿನ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಬಿದ್ದವರಿಗೆ ಮೇಲೆ ಹತ್ತಲು ಹಿಡಿತವೇ ಸಿಗುವುದಿಲ್ಲ, ಈಜು ಬಲ್ಲವರೂ ಅಲ್ಲಿ ಸೋಲುತ್ತಾರೆ. ಹೊಸಬರು ಚಿಕ್ಕ ವಿತರಣಾ ಕಾಲುವೆಗಳ ದಾರಿಯಲ್ಲಿ, ಅದೂ ಗದ್ದೆಯ ಬದಿಯಲ್ಲೇ ಹೋಗುವುದು ಕ್ಷೇಮ.

ಎರಡನೆಯದು ಸುಗ್ಗಿಯ ಮಾತು. ಭತ್ತ ಕೊಯ್ಯುವ ದಿನಗಳಲ್ಲಿ ಆ ದಾರಿಯ ಮೇಲೆ ಕಟಾವಿನ ಯಂತ್ರ, ಟ್ರ್ಯಾಕ್ಟರುಗಳ ಓಡಾಟ ವಿಪರೀತ ಇರುತ್ತದೆ. ಒಣಹಾಕಿದ ಭತ್ತವೂ ದಾರಿಯ ಅರ್ಧದವರೆಗೆ ಹರಡಿರುತ್ತದೆ. ಕಳೆದ ಸುಗ್ಗಿಯಲ್ಲಿ ಐದಾರು ಯುವಕರು ನಮ್ಮ ರಾಶಿಯ ಅಂಚಿನ ಮೇಲೆಯೇ ಸೈಕಲ್ ಹಾಯಿಸಿಕೊಂಡು ಹೋದರು. ಗಾಲಿಯ ಗುರುತಿನುದ್ದಕ್ಕೂ ಕಾಳು ಮಣ್ಣಿನಲ್ಲಿ ಒತ್ತಿ ಕುಳಿತಿತ್ತು, ನನ್ನ ಹೆಂಡತಿ ಮಧ್ಯಾಹ್ನದವರೆಗೆ ಅದನ್ನು ಬಿಡಿಸುತ್ತ ಕುಳಿತಳು. ಸೈಕಲ್ಲಿನಿಂದ ಇಳಿದು ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು.

ಎಡದಂಡೆ
ಅಣ್ಣನವರೇ, ಇದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು. ಭತ್ತ ಕಂಡಲ್ಲಿ ಇಳಿದೇ ನಡೆಯುತ್ತೇನೆ. ನಮ್ಮ ಗಂಗಾವತಿಯನ್ನೇ ಭತ್ತದ ಕಣಜ ಎನ್ನುತ್ತಾರೆ, ಆ ಅನ್ನವನ್ನು ತುಳಿಯುವ ಪ್ರಶ್ನೆಯೇ ಇಲ್ಲ.

ಕರಿ ಸೈಕಲ್
ಒಂದು ಮೂಲಭೂತ ಪ್ರಶ್ನೆ. ಇಷ್ಟು ಸಮತಟ್ಟಾದ ದಾರಿಗೆ ಮೌಂಟನ್ ಬೈಕ್ ಏತಕ್ಕೆ? ನಮ್ಮ ತಂದೆಯವರು ಒಂದೇ ಗೇರಿನ ಕರಿ ಸೈಕಲ್ಲಿನ ಮೇಲೆ ಹಿಂದೆ ಒಂದು ಮೂಟೆ ಜೋಳ, ಮುಂದೆ ನನ್ನನ್ನು ಕೂರಿಸಿಕೊಂಡು ಇದೇ ಹೊಲದ ದಾರಿಗಳಲ್ಲಿ ಮೂವತ್ತು ವರ್ಷ ಓಡಾಡಿದರು.

ಮಸಾರಿ ನೆಲ
ತಂದೆಯವರ ಕಾಲಿನ ಶಕ್ತಿಗೆ ನಮಸ್ಕಾರ, ಆದರೆ ವಾದ ಪೂರ್ತಿ ಸರಿಯಲ್ಲ. ಕರಿ ಸೈಕಲ್ಲಿನ ಟೈರು ಸುಮಾರು ಒಂದೂವರೆ ಇಂಚು ಅಗಲ, ಮೌಂಟನ್ ಬೈಕಿನದು ಎರಡು ಇಂಚಿಗೂ ಹೆಚ್ಚು. ಅಗಲದ ಟೈರಿನಲ್ಲಿ ಗಾಳಿಯನ್ನು ಕಡಿಮೆ ಇಟ್ಟು ಓಡಿಸಬಹುದಾದ್ದರಿಂದ ಮೆತ್ತನೆಯ ಮಣ್ಣಿನಲ್ಲಿ ಗಾಲಿ ಹುಗಿಯುವುದಿಲ್ಲ, ಉರುಟು ಕಲ್ಲಿನ ಮೇಲೆ ಜಾರುವುದಿಲ್ಲ. ಇದು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನೇ ತಿದ್ದಿಕೊಂಡು ಬೆಟ್ಟದಿಂದ ಇಳಿಸುತ್ತ ಹುಟ್ಟುಹಾಕಿದ ವಾಹನ. ಇಳಿಜಾರಿಗೆಂದು ಹುಟ್ಟಿದರೂ ಅದರ ನಿಜವಾದ ಗುಣ ಎಂಥ ನೆಲದ ಮೇಲೂ ನೆಮ್ಮದಿಯಿಂದ ಸಾಗುವುದು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅದು ಸ್ಪರ್ಧೆಯೂ ಆಯಿತು. ಆದರೆ ಸ್ಪರ್ಧಿಸಲೇಬೇಕೆಂಬ ನಿಯಮ ಯಾರಿಗೂ ಇಲ್ಲವಲ್ಲ.

ಕರಿ ಸೈಕಲ್
ಟೈರಿನ ಮಾತನ್ನು ಒಪ್ಪುತ್ತೇನೆ. ಇರುವ ಸೈಕಲ್ಲಿನಲ್ಲೇ ಮೊದಲು ಎರಡು ತಿಂಗಳು ತುಳಿದು ನೋಡಿ, ಆಮೇಲೆ ಹಣ ಹಾಕಿ ಎಂದು ಹೊಸಬರಿಗೆ ಹೇಳುವುದನ್ನು ಮಾತ್ರ ಬಿಡುವುದಿಲ್ಲ.

ರಾಯಚೂರು ಬಿಸಿಲು
ಹಣದ ಮಾತು ಬಂದದ್ದರಿಂದ ಹೇಳುತ್ತೇನೆ. ನನ್ನ ಎತ್ತರ ಐದಡಿ ನಾಲ್ಕಂಗುಲ. ಅಂಗಡಿಯವರು ತಮ್ಮಲ್ಲಿದ್ದ ದೊಡ್ಡ ಅಳತೆಯ ಫ್ರೇಮನ್ನೇ ‘ಸೀಟು ಇಳಿಸಿದರೆ ಸರಿಹೋಗುತ್ತದೆ’ ಎಂದು ಕೊಟ್ಟರು. ಆರು ತಿಂಗಳು ಸೊಂಟನೋವು, ಮುಂಗೈ ನೋವು ಅನುಭವಿಸಿದೆ. ಸೀಟು ಇಳಿಸಿದರೆ ಎತ್ತರ ತಗ್ಗುತ್ತದೆಯೇ ಹೊರತು ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ದೂರ ತಗ್ಗುವುದಿಲ್ಲ ಎಂಬುದು ನನಗಾಗ ತಿಳಿದಿರಲಿಲ್ಲ. ಎರಡೂ ಪಾದ ಊರಿ ಫ್ರೇಮಿನ ಮೇಲ್ಕಂಬಿಯ ಎರಡೂ ಕಡೆ ಕಾಲು ಹಾಕಿ ನಿಂತಾಗ ಕಂಬಿಗೂ ನಮಗೂ ನಡುವೆ ಎರಡು ಮೂರು ಇಂಚು ಅಂತರ ಇರಲೇಬೇಕು. ಅಷ್ಟು ನೋಡಿಯೇ ಕೊಳ್ಳಿರಿ.

ಮುನಿರಾಬಾದ್ ಗಾಳಿ
ಪಂಕ್ಚರ್ ವಿಷಯಕ್ಕೆ ಬರೋಣ, ಮೇಡಂ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ನಮ್ಮ ಸೀಮೆಯ ಮುಖ್ಯ ಶತ್ರು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಗಿಡ ಅಮೆರಿಕ ಖಂಡದ್ದು, 19ನೇ ಶತಮಾನದಲ್ಲಿ ಉರುವಲಿಗೆಂದೂ ಬಂಜರು ಹಸಿರಾಗಲೆಂದೂ ಈ ದೇಶಕ್ಕೆ ತಂದದ್ದು. ಈಗ ಹಳ್ಳದ ದಂಡೆ, ಕೆರೆಯಂಗಳ, ಬೀಳುಭೂಮಿ ಎಲ್ಲ ಕಡೆ ಅದೇ. ಅದರ ಒಣಗಿದ ಮುಳ್ಳು ಟೈರಿನೊಳಕ್ಕೆ ನೆಟ್ಟಗೆ ಹೋಗಿ ಹೊರಗಿನ ತುದಿ ಮುರಿದುಬೀಳುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ನಾವು ಟ್ಯೂಬಿಗೆ ತೇಪೆ ಹಾಕಿ ಗಾಳಿ ತುಂಬಿಸಿ ಹೊರಡುತ್ತೇವೆ, ಒಳಗೇ ಕುಳಿತ ಮುಳ್ಳು ಮರಳಿ ಅದೇ ಜಾಗದ ಹತ್ತಿರ ಚುಚ್ಚುತ್ತದೆ. ಮೂರು ವಾರದಲ್ಲಿ ನಾಲ್ಕು ಪಂಕ್ಚರ್ ಎಂದರೆ ಮುಳ್ಳು ನಾಲ್ಕೇ ಆಗಿರಬೇಕೆಂದಿಲ್ಲ, ಒಂದೇ ಮುಳ್ಳು ಮೂರು ಸಲ ಚುಚ್ಚಿರಬಹುದು.

ಹೆದ್ದಾರಿ ಬದಿಯ ಒಬ್ಬ ಹಿರಿಯ ಪಂಕ್ಚರ್ ಕಾಕಾ ನನಗೆ ಕಲಿಸಿದ ಉಪಾಯವಿದು. ಅವರು ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬಂದ ಕಡೆ ಚಾಕ್‌ಪೀಸಿನಿಂದ ಗುರುತು ಮಾಡಿದರು. ಆಮೇಲೆ ಟೈರಿನೊಳಗೆ ಬರಿಗೈ ಹಾಕಲಿಲ್ಲ. ಒಂದು ಉಂಡೆ ಹತ್ತಿಯನ್ನು ತೆಗೆದುಕೊಂಡು ಟೈರಿನ ಒಳಮೈಗೆ ಒತ್ತಿ ನಿಧಾನವಾಗಿ ಒಂದು ಸುತ್ತು ಸವರಿದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿ ನಿಂತಿತು. ಕೂದಲಿನಷ್ಟು ಹೊರಗೆ ಬಂದಿದ್ದ ಕಪ್ಪು ತುದಿಯನ್ನು ಇಕ್ಕಳದಿಂದ ಒಳಗಡೆಯಿಂದಲೇ ಎಳೆದರು, ಅರ್ಧ ಅಂಗುಲದ ಮುಳ್ಳು ಬಂತು. ‘ಇನ್ನೊಂದು ಸುತ್ತು’ ಎಂದು ಮತ್ತೆ ಸವರಿದರು, ಎರಡನೆಯದು ಸಿಕ್ಕಿತು. ಅಂದಿನಿಂದ ನನ್ನ ಚೀಲದಲ್ಲಿ ಹತ್ತಿಯ ಉಂಡೆ, ಚಿಕ್ಕ ಇಕ್ಕಳ ಎರಡೂ ಇರುತ್ತವೆ.

ಸಂಡೂರು ಸವಾರ
ಜಾಲಿಯ ಜೊತೆಗೆ ನೆಗ್ಗಿಲ ಮುಳ್ಳನ್ನು ಮರೆಯಬಾರದು. ದಾರಿಯಂಚಿನಲ್ಲಿ ಹಳದಿ ಹೂವಿನ ಬಳ್ಳಿ ನೆಲಕ್ಕೆ ಹಬ್ಬಿದ್ದು ಕಂಡರೆ ಅದರ ಮೇಲೆ ಸೈಕಲ್ ನಿಲ್ಲಿಸಬೇಡಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಮುಖ ಮಾಡಿರುತ್ತದೆ.

ಶಾಶ್ವತ ಪರಿಹಾರ ಬೇಕಿದ್ದರೆ ಟ್ಯೂಬಿನೊಳಗೆ ಸೀಲೆಂಟ್ ದ್ರವ ಹಾಕಿಸಿ. ಸಣ್ಣ ತೂತಾದ ಕೂಡಲೇ ದ್ರವ ಅಲ್ಲಿಗೆ ನುಗ್ಗಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ರಿಮ್ ಒಪ್ಪುವಂತಿದ್ದರೆ ಟ್ಯೂಬನ್ನೇ ತೆಗೆದು ಟ್ಯೂಬ್‌ಲೆಸ್ ಮಾಡಿಸುವುದು ಇನ್ನೂ ಒಳ್ಳೆಯದು. ಆದರೆ ನಮ್ಮ ಬಿಸಿಲಿಗೆ ಆ ದ್ರವ ಎರಡು ಮೂರು ತಿಂಗಳಲ್ಲೇ ಒಣಗುತ್ತದೆ, ಮಾರುವವರು ಇದನ್ನು ಹೇಳುವುದಿಲ್ಲ. ಏಪ್ರಿಲ್ ಹೊತ್ತಿಗೆ ಮರಳಿ ಹಾಕಿಸಲೇಬೇಕು.

ಎಡದಂಡೆ
ಹತ್ತಿಯ ಉಪಾಯವನ್ನು ಈಗಲೇ ಮಾಡಿ ನೋಡಿದೆ! ಹಿಂದಿನ ಟೈರಿನಲ್ಲಿ ಎರಡು ಮುಳ್ಳು ಸಿಕ್ಕವು, ಒಂದು ವಾಲ್ವಿನ ಪಕ್ಕದಲ್ಲೇ ಇತ್ತು. ಅಣ್ಣ, ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಗಾಳಿ ಎಷ್ಟಿಡಬೇಕು? ಪೆಟ್ರೋಲ್ ಬಂಕಿನಲ್ಲಿ ತುಂಬಿಸಬಹುದೇ?

ಮುನಿರಾಬಾದ್ ಗಾಳಿ
ತಮ್ಮ ಸೈಕಲ್ಲಿನ ವಾಲ್ವು ಮೋಟರ್ ಸೈಕಲ್ಲಿನದರಂತೆ ದಪ್ಪಗಿದ್ದರೆ ಬಂಕಿನಲ್ಲಿ ತುಂಬಿಸಬಹುದು. ಪೆನ್ಸಿಲ್ಲಿನಂತೆ ತೆಳ್ಳಗಿದ್ದು ತುದಿಯಲ್ಲಿ ಚಿಕ್ಕ ತಿರುಪು ಇದ್ದರೆ ಅದು ಪ್ರೆಸ್ಟಾ ವಾಲ್ವು. ಅದಕ್ಕೊಂದು ಪುಟ್ಟ ಹಿತ್ತಾಳೆಯ ಅಡಾಪ್ಟರ್ ಬೇಕು, ಹಳ್ಳಿಯ ಅಂಗಡಿಗಳಲ್ಲಿ ಸಿಗದ ಕಾರಣ ನಾವೇ ಇಟ್ಟುಕೊಂಡಿರಬೇಕು. ಬಂಕಿನವರು ಅಭ್ಯಾಸಬಲದಿಂದ ಹೆಚ್ಚು ತುಂಬಿಸಿಬಿಡುತ್ತಾರೆ. ಮಣ್ಣಿನ ದಾರಿಗೆ 30ರಿಂದ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು. ತೀರ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಕಡಲ ಕಂಡವ
ಕಡಲಂಚಿನ ಮರಳಿನಲ್ಲಿ ಮಾತ್ರ 20ರ ಆಸುಪಾಸಿಗೆ ಇಳಿಸಬೇಕು. ಅಲ್ಲಿ ಇನ್ನೊಂದು ಲೆಕ್ಕವಿದೆ: ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅದರ ಮೇಲೆ ಸೈಕಲ್ ಸಲೀಸಾಗಿ ಓಡುತ್ತದೆ. ಮೇಲಿನ ಒಣ ಮರಳಿಗೆ ಹೋದಿರೋ ಅಲ್ಲೇ ನಿಂತಿರಿ. ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುವುದರಿಂದ ನಿನ್ನೆಯ ಹೊತ್ತಿಗೆ ಇಂದು ಹೋದರೆ ಆಗದು, ಮೀನುಗಾರರನ್ನು ಕೇಳಿಕೊಳ್ಳುವುದು ಮೇಲು. ಮನೆಗೆ ಬಂದ ತಕ್ಷಣ ಸಿಹಿನೀರಿನಿಂದ ತೊಳೆದು ಒರೆಸಿ ಚೈನಿಗೆ ಎಣ್ಣೆ ಬಿಡದಿದ್ದರೆ ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತದೆ.

ಮಸಾರಿ ನೆಲ
ನೋಡಿದಿರಾ, ಕರಾವಳಿಗೂ ಅದರದೇ ಕಷ್ಟಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹೊರಗೆ ಕಾಲಿಡುವಂತಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಮುರಕಲ್ಲಿನ ಮೇಲೆಲ್ಲ ಪಾಚಿ. ನಮ್ಮಲ್ಲಿ ಇಡೀ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಕರಾವಳಿಯವರು ಸೈಕಲ್ಲನ್ನು ಮೂಲೆಗೆ ನಿಲ್ಲಿಸುವ ದಿನಗಳಲ್ಲೇ ನಮ್ಮ ಮಸಾರಿ (ಮರಳು ಬೆರೆತ ಕೆಂಪು ಮಣ್ಣಿನ) ದಾರಿಗಳು ತುಂತುರು ಮಳೆಗೆ ಧೂಳು ಕುಳಿತು ಹದವಾಗಿರುತ್ತವೆ. ಬರಗಾಲದ ಸೀಮೆ ಎಂದು ಕೇಳಿ ಕೇಳಿ ನಮಗೇ ನಮ್ಮ ನೆಲದ ಚೆಲುವು ಕಾಣದಂತಾಗಿದೆ ಎಂಬುದೇ ನನ್ನ ದುಃಖ.

ಕೂಕನೂರಿನವ
ಮಸಾರಿಗೆ ಮಾತ್ರ ಆ ಮಾತು ಸಲ್ಲುತ್ತದೆ. ನಮ್ಮ ಕೂಕನೂರು, ಯಲಬುರ್ಗಾ ಕಡೆಯ ಎರೆ (ಕಪ್ಪು ಜಿಗುಟು ಮಣ್ಣಿನ) ನೆಲಕ್ಕೆ ಮಳೆಯಾದ ಮರುದಿನ ಸೈಕಲ್ ಇಳಿಸಿ ನೋಡಿ. ನೂರು ಗಜ ಹೋಗುವಷ್ಟರಲ್ಲಿ ಟೈರಿಗೆ ಎರೆ ಮೆತ್ತಿ ಮೆತ್ತಿ ಫೋರ್ಕಿನ ಸಂದಿನಲ್ಲಿ ಗಾಲಿಯೇ ಸಿಕ್ಕಿಕೊಳ್ಳುತ್ತದೆ. ನಾನೊಮ್ಮೆ ಜೋಳದ ದಂಟಿನಿಂದ ಕೆರೆದು ಕೆರೆದು, ಕೊನೆಗೆ ಎರಡು ಕಿಲೋಮೀಟರು ಹೊತ್ತುಕೊಂಡೇ ಬಂದೆ. ಎರೆ ಹೊಲಕ್ಕೆ ಮಳೆ ನಿಂತು ಮೂರು ದಿನ ಬಿಸಿಲು ಬಿದ್ದ ಮೇಲೆಯೇ ಹೋಗಬೇಕು.

ಆದರೆ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಆ ದಾರಿಗಳಿಗೆ ಸಮನಾದುದನ್ನು ನಾನು ಕಂಡಿಲ್ಲ. ಕೂಕನೂರಿನ ನವಲಿಂಗ ದೇವಾಲಯದಿಂದ ಇಟಗಿಯವರೆಗೆ ಹಿಂಗಾರಿ ಜೋಳದ ಹೊಲಗಳ ನಡುವಿನ ಚಕ್ಕಡಿ ದಾರಿಯಲ್ಲಿ ಹೋಗಿ. ತೆನೆಗಳು ಸವಾರನ ಭುಜದೆತ್ತರಕ್ಕೆ ಇರುತ್ತವೆ, ಹಕ್ಕಿ ಓಡಿಸುವವರ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಇಟಗಿಯ ಮಹಾದೇವ ದೇವಾಲಯ ಎದುರಾಗುತ್ತದೆ. 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿಯದು. ಮುಂದಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದರೆ ಕಡಲು ನೆನಪಿಗೆ ಬರುವುದಿಲ್ಲ.

ಸಂಡೂರು ಸವಾರ
ನಮ್ಮ ಬಳ್ಳಾರಿಯ ಕಡೆ ಅದನ್ನು ಬಂಡಿದಾರಿ ಎನ್ನುತ್ತೇವೆ. ಹೆಸರು ಯಾವುದಾದರೂ ಎರಡು ಗಾಲಿಯ ಜಾಡಿನ ನಡುವೆ ಹುಲ್ಲು ಬೆಳೆದ ಆ ದಾರಿಯೇ ಸೈಕಲ್ಲಿಗೆ ಶ್ರೇಷ್ಠ. ಸಂಡೂರಿನ ಬೆಟ್ಟಗಳು ಮಳೆಗಾಲದಲ್ಲಿ ಅಪೂರ್ವವಾಗಿದ್ದರೂ ಮೇಡಂ ಅವರಿಗೆ ಈಗಲೇ ಹೇಳಲಾರೆ. ಏರು ಕಡಿದು, ಅದಿರಿನ ಲಾರಿಗಳ ದಾರಿ ಬೇರೆ, ಅರಣ್ಯದೊಳಗೆ ಹೋಗಲು ಇಲಾಖೆಯ ಅನುಮತಿಯೂ ಬೇಕು.

ಕಲ್ಲುಮನೆ
ಗಂಗಾವತಿಯಿಂದ ಸುಮಾರು ಹತ್ತು ಕಿಲೋಮೀಟರಿನಲ್ಲೇ ಹಿರೇಬೆಣಕಲ್ ಇದೆಯಲ್ಲ! ಗುಡ್ಡದ ಮೇಲಿನ ಕಲ್ಲುಮನೆಗಳವರೆಗೂ ಸೈಕಲ್ ಹತ್ತಿಸಬಹುದು, ನನ್ನ ಗೆಳೆಯರು ಹತ್ತಿಸಿದ್ದಾರೆ.

ಕೂಕನೂರಿನವ
ದಯವಿಟ್ಟು ಆ ಕೆಲಸ ಮಾಡಬೇಡಿ, ಮಾಡಲು ಹೇಳಲೂಬೇಡಿ. ಅಲ್ಲಿರುವುದು ಶಿಲಾಯುಗದ ಕೊನೆಗೂ ಕಬ್ಬಿಣಯುಗಕ್ಕೂ ಸೇರಿದ ಸುಮಾರು ನಾನೂರು ಬೃಹತ್ ಶಿಲಾ ಸ್ಮಾರಕಗಳು. 2021ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿರುವ ಜಾಗ. ಮೋರ್ಯರ ಗುಡ್ಡ ಎಂದು ಊರವರು ಭಕ್ತಿಯಿಂದ ಕರೆಯುವ ಆ ನೆಲದಲ್ಲಿ ಚಪ್ಪಡಿಗಳು ಒಂದಕ್ಕೊಂದು ಆನಿಕೊಂಡು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಿಂತಿವೆ. ಗಾಲಿಯೊಂದು ತಾಗಿ ಒಂದು ಚಪ್ಪಡಿ ವಾಲಿದರೆ ಮರಳಿ ನಿಲ್ಲಿಸುವವರು ಯಾರು? ಸೈಕಲ್ಲನ್ನು ಊರಿನಲ್ಲಿ ಬಿಟ್ಟು ನಡೆದೇ ಹತ್ತಬೇಕು.

ಕಲ್ಲುಮನೆ
ತಾವು ಹೇಳಿದ್ದು ಸರಿ. ಆ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ. ಗೆಳೆಯರಿಗೂ ತಿಳಿಸುತ್ತೇನೆ.

ಮುನಿರಾಬಾದ್ ಗಾಳಿ
ಮೇಡಂ ಅವರಿಗೆ ನಾನು ಸೂಚಿಸುವ ದಾರಿ ಆನೆಗೊಂದಿಯದು. ಗಂಗಾವತಿಯಿಂದ ಸಂಗಾಪುರ ದಾಟಿದ ಮೇಲೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಸಿಗುತ್ತವೆ. ಇವು ಅಣೆಕಟ್ಟೆಯ ಹೊಸ ಕಾಲುವೆಗಳಂತೆ ನೇರವಾಗಿಲ್ಲ, ಬಂಡೆಗಳ ಬುಡ ಬಳಸಿಕೊಂಡು ಬಾಗಿ ಬಾಗಿ ಹರಿಯುತ್ತವೆ, ಇಂದಿಗೂ ಗದ್ದೆ, ಬಾಳೆ ತೋಟಗಳಿಗೆ ನೀರುಣಿಸುತ್ತವೆ. ಆನೆಗೊಂದಿಯಿಂದ ಅಂಜನಾದ್ರಿಯ ಬುಡ, ಪಂಪಾ ಸರೋವರ, ಸಾಣಾಪುರದ ಕೆರೆ ಹೀಗೆ ಹೋಗಿ ಮರಳಬಹುದು. ಅಂಜನಾದ್ರಿಗೆ ಭಕ್ತರು ಹೆಚ್ಚು ಬರುವ ಶನಿವಾರ ಬೇಡ. ಬೆಳಕು ಹರಿದ ಮೇಲೆ ಹೊರಟು ಒಂಬತ್ತರೊಳಗೆ ಮನೆ ಸೇರಿ. ಬಂಡೆಗಳ ನಡುವೆ ಚಿರತೆ, ಕರಡಿಗಳ ಓಡಾಟವಿದೆ, ಆದ್ದರಿಂದ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಗುಡ್ಡದ ಅಂಚಿನ ದಾರಿ ಬೇಡವೇ ಬೇಡ.

ರಾಯಚೂರು ಬಿಸಿಲು
ಹೊತ್ತಿನ ಮಾತಿಗೆ ನನ್ನದೂ ಒತ್ತಾಯ. ಕಳೆದ ಮಾರ್ಚ್ ಕೊನೆಯಲ್ಲಿ ಮುದಗಲ್ ಕೋಟೆ ನೋಡಿಕೊಂಡು ಬರುತ್ತ ಹನ್ನೊಂದು ಗಂಟೆ ಮಾಡಿಕೊಂಡೆ. ಬೆವರು ಬರುವುದು ನಿಂತು ಮೈ ಜುಂ ಎನ್ನತೊಡಗಿತು, ಸಾಲಾಗಿ ನಿಂತ ಬೇವಿನ ಮರಗಳು ಎರಡೆರಡಾಗಿ ಕಂಡವು. ಕುರಿ ಕಾಯುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ನೆರಳಿಗೆ ಕೂರಿಸಿ, ಸೀರೆಯ ಸೆರಗು ನೆನೆಸಿ ನೆತ್ತಿಗೆ ಹಾಕಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದಳು. ಆ ತಾಯಿ ಇಲ್ಲದಿದ್ದರೆ ಏನಾಗುತ್ತಿತ್ತೋ ಊಹಿಸಲಾರೆ. ಎರಡು ಬಾಟಲಿ ನೀರು, ಅದರಲ್ಲೊಂದಕ್ಕೆ ಉಪ್ಪು, ಬೆಲ್ಲ, ನಿಂಬೆ. ಇದಿಲ್ಲದೆ ಹೊರಡಬೇಡಿ.

ಕಾರಟಗಿ ರೈತ
ಕುರಿ ಹಿಂಡಿನ ನಾಯಿಗಳ ವಿಷಯವೂ ಇದೆ. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ, ಓಡುವುದನ್ನು ಅಟ್ಟುವುದೇ ಅವುಗಳ ಸ್ವಭಾವ. ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆಯಿರಿ. ಕುರಿಗಾಹಿ ಒಂದು ಕೂಗು ಹಾಕಿದರೆ ಅವು ಅಲ್ಲೇ ನಿಲ್ಲುತ್ತವೆ.

ಎಡದಂಡೆ
ನಿನ್ನೆ ಭಾನುವಾರ ಹೋಗಿಬಂದೆ. ಸಂಗಾಪುರದಿಂದ ಕಾಲುವೆಯ ದಾರಿ ಹಿಡಿದು ಆನೆಗೊಂದಿ, ಅಲ್ಲಿಂದ ಪಂಪಾ ಸರೋವರದವರೆಗೆ. ಗಾಳಿ 32ಕ್ಕೆ ಇಟ್ಟಿದ್ದೆ. ಬಂಡೆಯೊಂದು ದಾರಿಯ ಮೇಲೆ ಚಾಚಿಕೊಂಡ ಕಡೆ ತಲೆ ಬಗ್ಗಿಸಿ ದಾಟಬೇಕಾಯಿತು, ಕೆಳಗೆ ಕಾಲುವೆಯಲ್ಲಿ ಒಬ್ಬಾಕೆ ಬಟ್ಟೆ ಒಗೆಯುತ್ತ ‘ಹುಷಾರವ್ವ, ಮುಂದೆ ರಾಡಿ ಐತಿ’ ಎಂದು ಎಚ್ಚರಿಸಿದರು. ನಿಜಕ್ಕೂ ತೂಬಿನ ಬಳಿ ಕೆಸರಿತ್ತು, ಇಳಿದು ದಾಟಿದೆ. ಒಟ್ಟು ಇಪ್ಪತ್ತೇಳು ಕಿಲೋಮೀಟರು, ಪಂಕ್ಚರ್ ಒಂದೂ ಆಗಲಿಲ್ಲ. ಮನೆಗೆ ಬಂದು ಹತ್ತಿ ಸವರಿದಾಗ ಮಾತ್ರ ಮುಂದಿನ ಟೈರಿನಲ್ಲಿ ಒಂದು ಮುಳ್ಳು ಸಿಕ್ಕಿತು, ಇನ್ನೂ ಟ್ಯೂಬಿನವರೆಗೆ ಇಳಿದಿರಲಿಲ್ಲ.

ಕಡಲ ಕಂಡವರೇ, ಒಮ್ಮೆ ಈ ದಾರಿಗೆ ಬನ್ನಿ.

ಕಡಲ ಕಂಡವ
ಬರುವ ಭಾನುವಾರವೇ ಬರುತ್ತೇನೆ, ಅಕ್ಕ. ಕೊಪ್ಪಳದಿಂದ ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಆರೂವರೆಗೆ ಸಂಗಾಪುರ ತಲುಪುವೆ. ಕರಾವಳಿಯ ಬಗ್ಗೆ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ಆ ಬಾಗಿದ ಕಾಲುವೆಯನ್ನು ನೋಡಲೇಬೇಕು ಎನ್ನಿಸಿದೆ.

ಮುನಿರಾಬಾದ್ ಗಾಳಿ
ನಾನೂ ಬರುವೆ. ಪಂಪು, ಇಕ್ಕಳ, ಹತ್ತಿ ನನ್ನ ಬಳಿ ಇವೆ. 27.5ರ ಹೆಚ್ಚುವರಿ ಟ್ಯೂಬನ್ನು ಮೇಡಂ ತರಲಿ, ನನ್ನ ಬಳಿ ಇರುವುದು 29 ಇಂಚಿನದು.